ಬಿಳಿ ಹಿಮ, ಕರಿ ಹಿಮ

೧೯೩೫ರ ಜನವರಿಯಲ್ಲಿ ಪುಣೆಯ ಹೊರಗಿನ ಕೋಥರೂಡ ಹಳ್ಳಿಯಲ್ಲಿ ಚಳಿ ವಿಪರೀತವಾಗಿತ್ತು. ಒಂದು ಮುಂಜಾನೆ ಮುರುಗೆಪ್ಪನ ಬದನೆ ತೋಟದ ತಗ್ಗಿನ ಮಡಿಗಳೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗಿದ್ದವು. ಬಿಸಿಲೇರುವ ಹೊತ್ತಿಗೆ ಗಿಡಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದವು.

ಹಿಂದಿನ ದಿನ ಅಲ್ಲಿ ಕಳೆ ಕಿತ್ತವಳು ಅವನ ತಂಗಿ ಭೀಮವ್ವ. ಗಂಡ ತೀರಿಕೊಂಡ ಮೇಲೆ ಧಾರವಾಡದ ಕಡೆಯಿಂದ ಅಣ್ಣನ ಮನೆಗೆ ಬಂದಿದ್ದಳು.

"ನೀ ಕಾಲಿಟ್ಟಲ್ಲೆ ಹಿಂಗಾತು. ಇನ್ನ ತ್ವಾಟಕ್ಕ ಬರಬ್ಯಾಡ," ಎಂದ ಮುರುಗೆಪ್ಪ.

ತಾನೇ ಕಾರಣವಿರಬಹುದೆಂದು ಭೀಮವ್ವನಿಗೂ ಅನ್ನಿಸಿತು.

ಪಕ್ಕದ ಎಲೆತೋಟದ ಕೃಷ್ಣಾಬಾಯಿ ಬೆಳಗಾವಿಯಲ್ಲಿ ಹುಟ್ಟಿ ಬೆಳೆದವಳು. ಹಿತ್ತಲಲ್ಲಿ ಅಳುತ್ತ ಕೂತಿದ್ದ ಭೀಮವ್ವನನ್ನು ಕಂಡು ಹತ್ತಿರ ಬಂದಳು.

"ಇದು ನಿನ್ನಿಂದ ಆದದ್ದಲ್ಲವ್ವಾ. ಮೋಡ ಇಲ್ಲದ, ಗಾಳಿ ಬೀಸದ ರಾತ್ರಿ ನೆಲದ ಕಾವೆಲ್ಲ ಮ್ಯಾಲ ಹೋಗತದ. ಥಂಡಿ ಗಾಳಿ ತಗ್ಗಿಗೆ ಇಳೀತದ. ಗಾಳ್ಯಾಗಿನ ತೇವ ನೀರಾಗದನ ಎಲಿ ಮ್ಯಾಲ ಹರಳಿನಂಗ ಗಡ್ಡಿಕಟ್ಟತದ. ಅದು ಬಿಳಿ ಹಿಮ. ಮೊದಲ ಇಬ್ಬನಿ ಬಿದ್ದು ಆಮ್ಯಾಲ ಗಡ್ಡಿಕಟ್ಟಿದರ ಗಾಜಿನ ಹನಿಯಂಗ ಕಾಣತದ."

"ಹಂಗಾರ ಬೆಳ್ಳಗ ಕಾಣದಿದ್ದರ ಚಿಂತಿಲ್ಲೇನ್ರಿ?"

"ಅದ ಭಾಳ ಕೆಟ್ಟದ್ದು. ಗಾಳಿ ಒಣಾ ಇದ್ದರ ಎಲಿ ಮ್ಯಾಲ ಏನೂ ಕೂಡೂದಿಲ್ಲ, ಒಳಗಿನ ರಸಾನ ಗಡ್ಡಿಕಟ್ಟತದ. ಬಿಸಲು ಬಿದ್ದ ಮ್ಯಾಲ ಗಿಡ ಕರ್ರಗಾಗತದ. ಅದು ಕರಿ ಹಿಮ. ಹಗಲಾಗ ನೀರು ಬಿಡು, ಹಸಿ ನೆಲ ಕಾವು ಹಿಡಕೊಳ್ಳತದ. ಹೊತ್ತು ಮುಳಗೂ ಮೊದಲ ಹುಲ್ಲು ಹೊಚ್ಚು."

ಮರುದಿನ ಚಳಿ ಇನ್ನೂ ಹೆಚ್ಚಿತು, ಗಾಳಿಯಲ್ಲಿ ತೇವವಿರಲಿಲ್ಲ. ಭೀಮವ್ವ ಅಣ್ಣನಿಗೆ ಹೇಳಿ ನೋಡಿದಳು.

"ಇಬ್ಬನೀನ ಇಲ್ಲ, ಹಿಮ ಎಲ್ಲೀದು?" ಎಂದು ಅವನು ಎದ್ದುಹೋದ.

ಭೀಮವ್ವ ಮೊದಲ ಬಾರಿ ಅವನ ಮಾತು ಮೀರಿ ತೋಟಕ್ಕೆ ಕಾಲಿಟ್ಟಳು. ಉಳಿದ ಮಡಿಗಳಿಗೆ ನೀರು ಹಾಯಿಸಿದಳು. ಹುಲ್ಲು ಸಾಲದಾದಾಗ ತಾನು ಹೊದೆಯುವ ಕೌದಿಯನ್ನೂ ಹೊದಿಸಿದಳು. ಆದರೂ ಅರ್ಧದಷ್ಟು ಗಿಡಗಳು ಹೊದಿಕೆಯಿಲ್ಲದೆ ಉಳಿದವು.

ಬೆಳಗ್ಗೆ ಎಲ್ಲಿಯೂ ಬಿಳುಪಿರಲಿಲ್ಲ. "ನೋಡಿದ್ಯಾ?" ಎಂದ ಮುರುಗೆಪ್ಪ. ಆದರೆ ಬಿಸಿಲು ಬಿದ್ದಂತೆ ಹೊದಿಕೆಯಿಲ್ಲದ ಗಿಡಗಳು ಒಂದೊಂದಾಗಿ ಕರ್ರಗಾದವು. ಭೀಮವ್ವ ಹುಲ್ಲು ಸರಿಸಿದಳು. ಕೆಳಗೆ ಎಲೆಗಳು ಹಸಿರಾಗಿಯೇ ಇದ್ದವು.

ಮುರುಗೆಪ್ಪ ಬಗ್ಗಿ ಆ ಎಲೆಗಳನ್ನು ಮುಟ್ಟಿ ನೋಡಿದ.

"ಚಳಿ ಮಾಡಿದ್ದನ್ನ ನಿನ್ನ ತಲಿಗೆ ಕಟ್ಟಿದೆ, ತಂಗಿ. ಇವತ್ತ ಹುಲ್ಲು ನಾ ತರತೀನಿ. ಎಲ್ಲೆಲ್ಲಿ ಹೊಚ್ಚಬೇಕು, ನೀ ತೋರಸು."

ಆ ಸಂಜೆ ಅಣ್ಣ ತಂಗಿ ಕೂಡಿ ಉಳಿದ ಮಡಿಗಳನ್ನೆಲ್ಲ ಹೊದಿಸಿದರು.

ರೈತ ಬಂಧುಗಳೇ, ತಾಯಂದಿರೇ, ಆಕಾಶ ತಿಳಿಯಾಗಿ ಗಾಳಿ ನಿಂತ ಚಳಿಗಾಲದ ಸಂಜೆ ಎಚ್ಚರವಿರಲಿ. ಬಿಳಿ ಕಾಣಲಿಲ್ಲವೆಂದು ನಿಶ್ಚಿಂತರಾಗಬೇಡಿ. ಹಗಲಲ್ಲಿ ನೀರು ಹಾಯಿಸಿ, ಹೊತ್ತು ಮುಳುಗುವ ಮೊದಲು ಹೊದಿಸಿ, ಬಿಸಿಲೇರಿದ ಮೇಲೆ ತೆಗೆಯಿರಿ. ಗಿಡ ಸುಟ್ಟಿತೆಂದು ಮನೆಯ ಹೆಣ್ಣುಮಗಳ ಕಡೆ ಬೆರಳು ತೋರಿಸಬೇಡಿ.