ಹೂಂಗುಟ್ಟಿದವಳು

ಹದಿನೆಂಟು ವರ್ಷದಿಂದ ನನ್ನ ಕೆಲಸ ಜನರನ್ನು ಕತ್ತಲಲ್ಲಿ ಕೂರಿಸುವುದು. ಕಣ್ಣಾಸ್ಪತ್ರೆಯ ಮೊದಲ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ, ಕಿಟಕಿಯಿಲ್ಲದ ಒಂದು ಕೋಣೆಯಿದೆ. ಒಳಗೆ ದೊಡ್ಡ ಬಿಳಿ ಬೋಗುಣಿಯನ್ನು ಅಡ್ಡ ಮಲಗಿಸಿದಂಥ ಯಂತ್ರ. ರೋಗಿ ಅದರ ಅಂಚಿಗೆ ಗಲ್ಲ ಊರಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಇನ್ನೊಂದರಿಂದ ನಟ್ಟನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೊಂದು ಕಡೆ ಸಣ್ಣ ಬೆಳಕು ಮಿಣುಕುತ್ತದೆ. ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು, ಕಾಣದಿದ್ದರೆ ಸುಮ್ಮನಿರಬೇಕು. ಸುಮ್ಮನಿರುವುದು ಎಷ್ಟು ಕಷ್ಟ ಎಂದು ನನ್ನನ್ನು ಕೇಳಿ.

ಈ ಪರೀಕ್ಷೆ ಹೆಚ್ಚಾಗಿ ಗ್ಲಾಕೋಮಾ ಇರುವವರಿಗೆ. ಅದು ಬಲು ನಯವಂತ ಕಳ್ಳ. ಕಣ್ಣೊಳಗಿನ ಒತ್ತಡ ನರವನ್ನು ಸವೆಸುತ್ತ ಹೋಗುತ್ತದೆ, ನೋವಿಲ್ಲ, ಕೆಂಪಿಲ್ಲ. ನೋಟದ ಒಂದೊಂದು ತುಂಡು ಮಾಯವಾಗುತ್ತದೆ, ಇನ್ನೊಂದು ಕಣ್ಣು ಆ ಜಾಗಕ್ಕೆ ತೇಪೆ ಹಾಕುತ್ತದೆ, ಯಜಮಾನನಿಗೆ ಸುದ್ದಿಯೇ ಇಲ್ಲ. ಹೋದದ್ದು ವಾಪಸು ಬರುವುದಿಲ್ಲ. ಉಳಿದದ್ದು ಉಳಿಯಬೇಕಾದರೆ ಒತ್ತಡ ಅಳೆಸಬೇಕು, ನರದ ಸ್ಕ್ಯಾನ್ ತೆಗೆಸಬೇಕು, ಆರಾರು ತಿಂಗಳಿಗೆ ನನ್ನ ಕೋಣೆಯಲ್ಲಿ ಕೂತು ಎದ್ದು ಹೋಗಬೇಕು. ಈ ಪಾಠವನ್ನು ಸಾವಿರಾರು ಜನರಿಗೆ ಒಪ್ಪಿಸಿದ್ದೇನೆ. ನನ್ನ ತಮ್ಮನಿಗೂ ಒಪ್ಪಿಸಿದ್ದೆ.

ತಮ್ಮ ಟೈಲರ್. ಬೀದಿಯವರೆಲ್ಲ ಅವನನ್ನು 'ಕತ್ತರಿ' ಎಂದೇ ಕರೆಯುವುದು. ಕೈಗಿಂತ ನಾಲಿಗೆ ಒಂದು ಪಾಲು ಹೆಚ್ಚು ಓಡುತ್ತದೆ. ನಾಲ್ಕು ವರ್ಷದ ಹಿಂದೆ ಕನ್ನಡಕ ಬದಲಾಯಿಸಲು ಬಂದಾಗ ಅವನ ಕಣ್ಣಿನ ಒತ್ತಡ ಜಾಸ್ತಿಯಿತ್ತು. ಡಾಕ್ಟರಮ್ಮ ಕಣ್ಣಿಗೆ ಹನಿ ಔಷಧಿ ಶುರು ಮಾಡಿ ನನ್ನ ಕೋಣೆಗೆ ಕಳಿಸಿದರು. ಆ ದಿನ ನನ್ನ ಜೊತೆ ಇನ್ನೊಬ್ಬಳು ಟೆಕ್ನಿಷಿಯನ್ ಇದ್ದಳು. ಅವಳು ಎದ್ದದ್ದೇ ತಡ, "ನೀನು ಕೂತ್ಕೊ, ನನ್ನ ತಮ್ಮನ್ನ ನಾನೇ ನೋಡ್ಕೋತೀನಿ" ಎಂದೆ. ಎಂಥ ಜಂಬ ನನ್ನದು!

ಅಲ್ಲಿಂದ ಪ್ರತಿ ಸಲವೂ ನಾನೇ. ಪ್ರತಿ ಸಲವೂ ರಿಪೋರ್ಟ್ ಚೆನ್ನಾಗಿಯೇ ಬರುತ್ತಿತ್ತು. ಹೋದ ವರ್ಷ ಡಾಕ್ಟರಮ್ಮ ಸ್ಕ್ಯಾನ್ ಹಿಡಿದು ಹುಬ್ಬು ಗಂಟಿಕ್ಕಿದರು.

"ಬಲಗಣ್ಣಿನ ನರ ತೆಳ್ಳಗಾಗ್ತಾ ಇದೆ. ಆದ್ರೆ ನಿಮ್ಮ ರಿಪೋರ್ಟ್ ನೋಡಿದ್ರೆ ನೋಟಕ್ಕೆ ಏನೂ ಆಗಿಲ್ಲ. ನೀವೇ ಮಾಡಿದ್ದಲ್ವಾ?"

"ನಾನೇ ಮೇಡಂ."

"ಹಾಗಿದ್ರೆ ನಂಬಬಹುದು. ಅದೇ ಹನಿ ಹಾಕ್ಲಿ, ನೋಡೋಣ."

ಒಂದೇ ಒಂದು ಕೊಂಕಿತ್ತು. ಎಲ್ಲರ ಕಣ್ಣಲ್ಲೂ ಏನೂ ಕಾಣದ ಒಂದು ಜಾಗವಿದೆ, ನರ ಹೊರಗೆ ಹೋಗುವ ಜಾಗ. ಯಂತ್ರ ಬೇಕೆಂದೇ ಅಲ್ಲಿಗೊಂದು ಬೆಳಕು ಹಾಯಿಸುತ್ತದೆ. ಅದಕ್ಕೂ ಗುಂಡಿ ಒತ್ತಿದರೆ ರೋಗಿ ಕಣ್ಣು ಆಡಿಸಿದ್ದಾನೆ ಎಂದು ಲೆಕ್ಕ. ತಮ್ಮ ಅಲ್ಲಿಯೂ ಒತ್ತುತ್ತಿದ್ದ.

"ಮಂಗನ ಹಾಗೆ ಕಣ್ಣು ಆಡಿಸ್ಬೇಡ್ವೋ" ಎಂದು ಬಯ್ಯುತ್ತಿದ್ದೆ.

"ಆಣೆಗೂ ಆಡಿಸಿಲ್ಲ ಕಣೇ ಅಕ್ಕಾ" ಎನ್ನುತ್ತಿದ್ದ.

ನನ್ನ ಮುಂದಿನ ಪರದೆಯಲ್ಲಿ ಅವನ ಕಣ್ಣು ನೆಟ್ಟಗೇ ಇರುತ್ತಿತ್ತು. ನಾನು ಕಂಡದ್ದನ್ನು ಬಿಟ್ಟು ಯಂತ್ರ ಹೇಳಿದ್ದನ್ನು ನಂಬಿದೆ. ಮನೆಯಲ್ಲಿ ಅವನು ಸ್ಟೂಲಿಗೆ ಕಾಲು ಎಡವಿದರೆ, ನೀರನ್ನು ಲೋಟದ ಹೊರಗೆ ಸುರಿದರೆ, "ಕಣ್ಣು ಎಲ್ಲಿಟ್ಕೊಂಡಿದ್ದೀಯೋ?" ಎಂದು ಕೇಳಿದವಳೂ ನಾನೇ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಆ ಗಾದೆ ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು.

ಎರಡು ತಿಂಗಳ ಹಿಂದೆ ನೆಗಡಿಯಾಗಿ ನನ್ನ ಗಂಟಲು ಕಟ್ಟಿಹೋಯಿತು. ನಾಲ್ಕು ದಿನ ಪಿಟ್ಟೆನ್ನಲಾಗಲಿಲ್ಲ. ತಮ್ಮನ ಸರದಿ ಆ ದಿನಗಳಲ್ಲೇ ಬಂತು. ಕೈಸನ್ನೆಯಲ್ಲೇ ಅವನನ್ನು ಕೂರಿಸಿ ಪರೀಕ್ಷೆ ಮುಗಿಸಿದೆ. ಕಾಗದ ಹೊರಗೆ ಬಂದಾಗ ಬಲಗಣ್ಣಿನ ನೋಟದ ಕೆಳಗಿನ ಅರ್ಧ ಶಾಯಿ ಚೆಲ್ಲಿದ ಹಾಗೆ ಕಪ್ಪಾಗಿತ್ತು; ಕಪ್ಪೆಂದರೆ ಕಾಣದ ಜಾಗ. ಯಂತ್ರ ಕೆಟ್ಟಿದೆ ಎಂದುಕೊಂಡು ಇನ್ನೊಮ್ಮೆ ಮಾಡಿದೆ. ಅದೇ ಕಪ್ಪು.

ತಮ್ಮ ಪಟ್ಟಿ ಬಿಚ್ಚಿ ಕಣ್ಣುಜ್ಜಿಕೊಂಡ. "ಏನೇ ಅಕ್ಕಾ, ಇವತ್ತು ಒಂದ್ಸಲನೂ ಹೂಂ ಅನ್ನಲಿಲ್ಲ? ಯಾವಾಗ ಒತ್ತೋದು ಅಂತಾನೇ ಗೊತ್ತಾಗ್ಲಿಲ್ಲ."

ಏನು ಎಂದು ಕೈಯಲ್ಲೇ ಕೇಳಿದೆ.

"ಅದೇ, ನಾನು ತಡ ಮಾಡಿದ್ರೆ ನೀನು ಹೂಂ ಅಂತೀಯಲ್ಲ, ಆಗ ಒತ್ತೋದು. ಅದು ಗುರುತು ಅಲ್ವಾ?"

ಚಿಕ್ಕಂದಿನಲ್ಲಿ ಅಮ್ಮ ಕೆಲಸದಿಂದ ಬರುವವರೆಗೆ ಅವನನ್ನು ನೋಡಿಕೊಳ್ಳುವುದು ನನ್ನ ಪಾಲಿಗಿತ್ತು. ಕಥೆ ಹೇಳುತ್ತಿದ್ದೆ, ಅವನು ಹೂಂಗುಟ್ಟಬೇಕು. ತೂಕಡಿಸಿ ಮರೆತರೆ ನಾನೇ "ಹೂಂ?" ಎಂದು ಎಚ್ಚರಿಸುತ್ತಿದ್ದೆ, ಅವನು ಗಾಬರಿಬಿದ್ದು "ಹೂಂ" ಎನ್ನುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು. ಬೆಳಕು ಬಿದ್ದದ್ದು ನನ್ನ ಪರದೆಯಲ್ಲಿ ಕಾಣುತ್ತದೆ. ತಮ್ಮ ಒತ್ತದಿದ್ದಾಗ ನನಗೇ ತಿಳಿಯದಂತೆ ನನ್ನ ಗಂಟಲಿನಿಂದ ಆ ಹೂಂ ಹೊರಡುತ್ತಿತ್ತು. ಬೇರೆ ಯಾವ ರೋಗಿಗೂ ಹಾಗೆ ಅಂದವಳಲ್ಲ. ನಾಲ್ಕು ವರ್ಷದಲ್ಲಿ ಎಂಟು ಪರೀಕ್ಷೆ. ಏನೂ ಕಾಣದ ಜಾಗದ ಬೆಳಕಿಗೂ ನಾನು ಹೂಂ ಎಂದಿದ್ದೆ, ಅವನು ವಿಧೇಯನಾಗಿ ಒತ್ತಿದ್ದ.

ಡಾಕ್ಟರಮ್ಮನಿಗೆ ಎಲ್ಲವನ್ನೂ ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಎರಡು ಸಲ ಓದಿದರು. ಬಯ್ದಿದ್ದರೆ ವಾಸಿಯಿತ್ತು.

"ಒತ್ತಡ ಇಳಿಸೋ ಆಪರೇಷನ್ ಬೇಗ ಆಗ್ಬೇಕು. ಉಳಿದಿರೋದಾದ್ರೂ ಉಳೀಲಿ" ಎಂದರು. ಆಮೇಲೆ, "ತಮ್ಮನಿಗೆ ನಾನು ಹೇಳ್ಲಾ, ನೀವೇ ಹೇಳ್ತೀರಾ?"

ನಾನೇ ಎಂದು ಬರೆದೆ. ಮೊದಲು ದನಿಯಿಲ್ಲ ಎಂಬ ನೆಪ. ಆಮೇಲೆ ಆಪರೇಷನ್ ಮುಗಿಯಲಿ ಎಂದು, ಆಮೇಲೆ ಹೊಲಿಗೆ ಮಾಯಲಿ ಎಂದು. ದನಿ ಬಂತು, ಧೈರ್ಯ ಬರಲಿಲ್ಲ. ನಾನು ಹೇಡಿ, ಬೇರೆ ಮಾತೇ ಇಲ್ಲ.

ನಿನ್ನೆ ಆಪರೇಷನ್ ನಂತರದ ಮೊದಲ ಪರೀಕ್ಷೆ. ಮಾಡಿದ್ದು ಆ ಇನ್ನೊಬ್ಬಳು ಟೆಕ್ನಿಷಿಯನ್. ನಾನು ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿನಿಂದ ಗುಂಡಿಯ ಸದ್ದು ಕೇಳುತ್ತಿತ್ತು. ಟಿಕ್. ಟಿಕ್. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಆ ಮೌನದಲ್ಲಿ ಒಂದರ ಹಿಂದೊಂದು ಬೆಳಕು ಬಂದು ಹೋಗುತ್ತಿದೆ ಎಂದು ನನಗೆ ಗೊತ್ತು. ಆ ಹೂಂ ಬಾಯಿಯವರೆಗೆ ಬಂತು. ಅಂಗೈಯಿಂದ ಬಾಯಿ ಮುಚ್ಚಿಕೊಂಡೆ.

ತಮ್ಮ ಕಾಲಿನಿಂದ ಹೊಸಿಲನ್ನು ತಡವಿ ದಾಟಿ ಬಂದು ಪಕ್ಕದಲ್ಲಿ ಕೂತ.

"ಆ ಯಮ್ಮ ಬಾಯೇ ಬಿಡಲ್ಲ ಕಣೇ. ನೀನಿದ್ದಾಗ ಎಷ್ಟು ಚೆನ್ನಾಗಿ ಬರ್ತಿತ್ತು." ಬೆರಳುಗಳಲ್ಲಿ ಅಂಗಿಯ ಅಂಚಿನ ಹೊಲಿಗೆ ಸವರಿದ. "ನನ್ನ ಕಣ್ಣು ಕೆಟ್ಟಿದ್ದು ಈಗೀಗ ತಾನೇ, ಅಕ್ಕಾ? ಮುಂಚೆಯೆಲ್ಲ ಸರಿಯಾಗೇ ಇತ್ತಲ್ವಾ?"

"ಹೂಂ" ಎಂದೆ.