ಮಹಡಿ ಮನೆಗೊಂದು ಆಣೆ

“ಸೀಗಡಿ ಅಂದ್ರೆ ಮೀನೇ ಅಲ್ವೇನ್ರೀ?” ಎಂದ ಮನೆಯೊಡತಿ ವಾರಿಜಾ, ಮೇಘಶ್ರೀಗೆ ಕೊಡಲು ತಂದಿದ್ದ ಕಾಫಿ ಲೋಟವನ್ನು ಕೈಯಲ್ಲೇ ಹಿಡಿದು ನಿಂತರು.

“ಮೀನಲ್ಲ,” ಎಂದಳು ಮೇಘಶ್ರೀ.

ಪಕ್ಕದಲ್ಲಿ ಕೂತಿದ್ದ ಅಣ್ಣ ವಿಜಯಕುಮಾರ್ ಅವಳ ಕಾಲು ತುಳಿದ. ಏನು ಕೆಲಸ ಅಂತ ಕೇಳಿದರೆ ಕಂಪ್ಯೂಟರ್ ಅಂದುಬಿಡು ಎಂದು ಕಾರಿನಲ್ಲೇ ಹೇಳಿದ್ದ. ಹಾಗೇ ಅಂದಿದ್ದಳು ಕೂಡ. ಆದರೆ ಮನೆಯ ಯಜಮಾನ ವೆಂಕಟಾಚಲ ರಿಟೈರಾದ ಅಧಿಕಾರಿ. ಕಂಪ್ಯೂಟರಿನಲ್ಲಿ ಏನು, ಅದರಲ್ಲಿ ಯಾವುದು, ಅದು ಯಾತಕ್ಕೆ ಎಂದು ಕೆದಕುತ್ತ ಬಂದು ಸೀಗಡಿಗೆ ಮುಟ್ಟಿಸಿದ್ದರು.

ಬಾಡಿಗೆಗಿದ್ದ ಜಯನಗರದ ಈ ಮಹಡಿ ಮನೆಯನ್ನು ಅವಳು ಆಗಲೇ ನೋಡಿ ಇಳಿದಿದ್ದಳು. ಮೇಜು ಎಲ್ಲಿ ಹಾಕುವುದೆಂದೂ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದಳು. ಗಂಡನನ್ನು ಬಿಟ್ಟು ಬಂದಾಗಿನಿಂದ ಗಿರಿನಗರದ ಅಣ್ಣನ ಮನೆಯಲ್ಲಿ ಅವಳ ಬಟ್ಟೆಗಳು ಸೂಟ್‌ಕೇಸಿನಲ್ಲೇ ಇದ್ದವು.

“ತಿನ್ನೋ ಸೀಗಡಿ ಅಲ್ಲ ಸಾರ್,” ಎಂದಳು. “ಸಮುದ್ರದ ತಳ ಬಿರಿದು ಬಿಸಿನೀರು ಉಕ್ಕೋ ಕಡೆ, ಕಗ್ಗತ್ತಲಲ್ಲಿ ಇರ್ತವೆ. ಆ ಬಿಸಿ ಯಾವತ್ತೋ ಒಂದಿನ ಆರಿಹೋಗುತ್ತೆ, ಅಲ್ಲಿರೋದೆಲ್ಲ ಸಾಯುತ್ತೆ. ಮರಿಗಳು ಮಾತ್ರ ಮೊದಲೇ ತೇಲ್ಕೊಂಡು ಹೋಗಿರ್ತವೆ. ಯಾವುದು ಎಲ್ಲಿಂದ ಎಲ್ಲಿಗೆ ಹೋಯ್ತು, ಯಾವ ಕವಲು ಯಾವಾಗ ಬೇರೆ ಆಯ್ತು ಅಂತ ಅವುಗಳ ಜೀನ್ ನೋಡಿ ಹುಡುಕ್ತೀನಿ.”

“ಹುಡುಕಿ ಏನಾಗ್ಬೇಕು?” ಎಂದರು ವೆಂಕಟಾಚಲ.

“ನಾವೂ ಅದನ್ನೇ ಕೇಳ್ತೀವಿ ಸಾರ್,” ಎಂದು ವಿಜಯಕುಮಾರ್ ನಕ್ಕ.

“ಬಿಸಿನೀರಲ್ಲಿ ಬೆಂದುಹೋಗಲ್ವಾ?” ಎಂದರು ವಾರಿಜಾ.

ಆ ಮಧ್ಯಾಹ್ನದಲ್ಲಿ ಕೇಳಿದ ಒಂದೇ ಒಂದು ಒಳ್ಳೆಯ ಪ್ರಶ್ನೆ. ಮೇಘಶ್ರೀ ಖುಷಿಯಿಂದಲೇ ಅವರ ಕಡೆ ತಿರುಗಿದಳು. ಅಷ್ಟರಲ್ಲಿ ವಾರಿಜಾ ಮುಂದುವರಿಸಿದರು: “ಬೆಂದ್ರೆ ವಾಸನೆ ಬರುತ್ತಲ್ಲ. ನಮ್ಮನೇಲಿ ಮಡಿ ಇದೆ. ನೀವು ಈರುಳ್ಳಿ ಬೆಳ್ಳುಳ್ಳಿ ಹಾಕ್ಕೊಳ್ಳಿ, ಪರವಾಗಿಲ್ಲ, ಕಿಟಕಿ ಮುಚ್ಕೊಂಡು.”

ಸಾವಿರಾರು ಅಡಿ ನೀರಿನ ಕೆಳಗಿನ ವಾಸನೆ ಈಕೆಯ ದೇವರಮನೆಗೆ ಬಡಿಯುತ್ತದೆ. ಮೇಘಶ್ರೀಗೆ ನಗು ಬಂತು, ತಡೆದುಕೊಂಡಳು. ಮನೆ ಬೇಕಿತ್ತು.

“ನಾವು ಲಿಂಗಾಯತ್ರು ಅಮ್ಮ, ಮೊಟ್ಟೇನೂ ಮುಟ್ಟಲ್ಲ,” ಎಂದ ವಿಜಯಕುಮಾರ್. “ಬೇಕಾದ್ರೆ ಕೊರಳಲ್ಲಿರೋ ಲಿಂಗ ಮುಟ್ಟಿ ಆಣೆ ಮಾಡ್ತಾಳೆ. ಮಾಡೇ.”

“ಮಾಡ್ಲಿ,” ಎಂದರು ವೆಂಕಟಾಚಲ, ಬೀಗದ ಕೈಯನ್ನು ಟೀಪಾಯಿಯ ಮೇಲೆ ಇಡುತ್ತ. “ನಮಗೂ ಒಂದು ಸಮಾಧಾನ.”

ಆಣೆ ಸುಳ್ಳೇನೂ ಆಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವಳು ಅಂಥದ್ದು ಏನನ್ನೂ ತಿಂದವಳಲ್ಲ. ಕೈ ತಾನಾಗಿ ಎದೆಯ ಮೇಲೆ ಲಿಂಗವಿದ್ದ ಬೆಳ್ಳಿ ಕರಡಿಗೆಗೆ ಹೋಯಿತು. ಕಣ್ಣೆತ್ತಿದಾಗ ಮೂರು ಮುಖಗಳು ಕಾಯುತ್ತಿದ್ದವು. ಸಂತೆಯಲ್ಲಿ ಎಮ್ಮೆಯ ಬಾಯಿ ಬಿಡಿಸಿ ಹಲ್ಲು ತೋರಿಸುವವನ ಮುಖ ಅಣ್ಣನದು. ಕೊಳ್ಳುವವರ ಮುಖ ಅವರಿಬ್ಬರದು. ಅವಳು ಕೈ ಕೆಳಗಿಳಿಸಿದಳು.

“ತಿಂದಿದೀನಿ,” ಎಂದಳು. “ಗೋವಾದಲ್ಲಿ. ಚೆನ್ನಾಗಿತ್ತು.”

ವೆಂಕಟಾಚಲ ಬೀಗದ ಕೈ ಎತ್ತಿ ಜೇಬಿಗೆ ಹಾಕಿಕೊಂಡರು. ಅವಳು ಮುಟ್ಟಿಯೂ ಇರದ ಲೋಟವನ್ನು ವಾರಿಜಾ ಎರಡೇ ಬೆರಳಲ್ಲಿ ಹಿಡಿದು ಒಳಗೆ ಒಯ್ದರು.

ಬೀದಿಗೆ ಬಂದಮೇಲೆ, ಯಾಕೆ ಸುಳ್ಳು ಹೇಳಿದೆ ಎಂದು ಅಣ್ಣ ರೇಗುತ್ತಾನೆಂದು ಕಾದಳು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು. ಉತ್ತರವೂ ನಾಲಿಗೆಯ ತುದಿಯಲ್ಲಿತ್ತು.

“ಯಾವಾಗ ತಿಂದೆ?” ಎಂದ ಅವನು.

ಇಲ್ಲ ಕಣೋ ಎಂದಿದ್ದರೆ ಮುಗಿಯುತ್ತಿತ್ತು. ಇವನಿಗೆ ಅಷ್ಟನ್ನೂ ಹೇಳಬೇಕೆನಿಸಲಿಲ್ಲ.

“ಸೆಮಿನಾರಿಗೆ ಹೋದಾಗ.”

“ನಮ್ಮ ಅಡಿಗೆಮನೇಲಿ ಅದೇ ಕೈಯಲ್ಲಿ...” ಎಂದವನು ಅಷ್ಟಕ್ಕೇ ನಿಲ್ಲಿಸಿದ. “ಮನೇಲಿ ನಿಮ್ಮತ್ತಿಗೆಗೆ ನೀನೇ ಹೇಳು. ನನ್ನಿಂದ ಆಗಲ್ಲ.”

ಕಾರಿನ ಹಿಂದಿನ ಸೀಟಿನಲ್ಲಿ ನಾಳೆಯ ಪೂಜೆಗೆ ಕೊಂಡಿದ್ದ ಬಿಲ್ವಪತ್ರೆಯ ಚೀಲವಿತ್ತು. ಅವನು ಅದನ್ನೆತ್ತಿ ಮುಂದೆ, ಅವಳು ಯಾವಾಗಲೂ ಕೂರುವ ಜಾಗದಲ್ಲಿ ಇಟ್ಟ. ಅವಳು ಹಿಂದೆ ಕೂತಳು.

ಬನಶಂಕರಿ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಹೊರಗೆ ಬಸ್ಸುಗಳ ಹೊಗೆ, ಧೂಳು. ಒಳಗೆ ಎಸಿ ತಣ್ಣಗಿತ್ತು. ವಿಜಯಕುಮಾರ್ ತನ್ನ ಪಕ್ಕದ ಗಾಜನ್ನು ಪೂರ್ತಿ ಇಳಿಸಿದ.