ಚೀಟಿಯ ಕೆಳಗಿನ ಸಹಿ

"ಟೀಚರ್, ಇದನ್ನ ನೀವೇ ಓದಿದ್ರಾ?"

ಹುಡುಗಿ ಪ್ರಬಂಧದ ಪುಸ್ತಕವನ್ನು ತೆರೆದು ಮೇಜಿನ ಮೇಲಿಟ್ಟಳು. ಇನ್ನೊಂದು ಪುಸ್ತಕವನ್ನು ಎದೆಗವಚಿಕೊಂಡೇ ನಿಂತಿದ್ದಳು. ತೆರೆದ ಪುಟದ ಕೊನೆಯಲ್ಲಿ ಅಂಟಿಸಿದ ಅಚ್ಚಿನ ಚೀಟಿ, ಅದರ ಕೆಳಗೆ ಶಿಕ್ಷಕಿಯ ಸಹಿ.

ಈ ವರ್ಷದಿಂದ ಹಾಗೆ. ಗುಮಾಸ್ತರು ಪುಟಗಳ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕುತ್ತಾರೆ, ಎಐ ಓದಿ ಅಭಿಪ್ರಾಯ ಬರೆಯುತ್ತದೆ, ಅದನ್ನು ಚೀಟಿಯಲ್ಲಿ ಅಚ್ಚು ಹಾಕಿ ಅಂಟಿಸುತ್ತಾರೆ. ನೀವೂ ಒಮ್ಮೆ ಓದಿ ಸಹಿ ಮಾಡಿ ಎಂದಿದ್ದರು ಹೆಡ್‌ಮಾಸ್ಟರು. ಮೊದಲ ವಾರ ಶಿಕ್ಷಕಿ ತರಗತಿಯ ನಲವತ್ತೆರಡು ಪ್ರಬಂಧಗಳನ್ನೂ ಓದಿದ್ದರು. ಆಮೇಲೆ ಚೀಟಿಯನ್ನಷ್ಟೇ.

"ಓದದೆ ಸಹಿ ಮಾಡ್ತೀನೇನೇ?"

ಹುಡುಗಿ ಮೂರನೇ ಪ್ಯಾರಾದ ಮೇಲೆ ಬೆರಳಿಟ್ಟಳು. ಅಜ್ಜಿ ಬಟ್ಟೆ ಹೊಲಿಯುವ ವರ್ಣನೆಯ ನಡುವೆ ಒಂದು ಸಾಲಿತ್ತು: 'ಟೀಚರ್, ಇದನ್ನು ಓದುತ್ತಿದ್ದರೆ ಪಕ್ಕದಲ್ಲಿ ಒಂದು ಚುಕ್ಕೆ ಇಡಿ.'

ಚುಕ್ಕೆ ಇರಲಿಲ್ಲ. ಚೀಟಿಯಲ್ಲಿ ಹೀಗಿತ್ತು: 'ಓದುಗರನ್ನು ನೇರವಾಗಿ ಮಾತಾಡಿಸುವ ನಿಮ್ಮ ಶೈಲಿ ಸೊಗಸಾಗಿದೆ. ಹೀಗೇ ಮುಂದುವರಿಸಿ.'

ಶಿಕ್ಷಕಿ ಪುಸ್ತಕ ಮುಚ್ಚಿಟ್ಟರು. ಆ ಇನ್ನೊಂದು ಪುಸ್ತಕದಲ್ಲಿ ಏನಿದೆ ಎಂದು ಕೇಳಿದರು. ಅಮ್ಮ ಮನೆ ಬಿಟ್ಟು ಹೋದದ್ದನ್ನು ಬರೆದಿದ್ದೇನೆ, ಯಾರಿಗೂ ತೋರಿಸಿಲ್ಲ ಎಂದಳು ಹುಡುಗಿ.

"ನಿಮಗೆ ಕೊಡೋಣ ಅಂತಿದ್ದೆ. ಇದನ್ನೂ ಫೋಟೊ ತೆಗೀತಾರಲ್ವಾ?"

ಉತ್ತರಕ್ಕೆ ಕಾಯದೆ ಅದನ್ನು ಚೀಲಕ್ಕೆ ಹಾಕಿಕೊಂಡಳು. ಪ್ರಬಂಧದ ಪುಸ್ತಕ ಮೇಜಿನ ಮೇಲೇ ಉಳಿಯಿತು. ಹೋಗುವಾಗ ಮಾತ್ರ ಬಾಗಿಲು ಬಡಿಯದಂತೆ ಮೆಲ್ಲಗೆ ಎಳೆದುಕೊಂಡಳು.

ಶಾಲೆ ಬಿಟ್ಟ ಮೇಲೆ ಶಿಕ್ಷಕಿ, ಮಕ್ಕಳಿಂದ ವಾಪಸು ಪಡೆದ ಎಲ್ಲ ಪ್ರಬಂಧ ಪುಸ್ತಕಗಳನ್ನೂ ಹರಡಿಕೊಂಡು ಕೂತರು. ಕಸ ಗುಡಿಸಲು ಬಂದ ಆಯಮ್ಮ ಅವರನ್ನು ಏಳಿಸದೆ ಸುತ್ತಲೂ ಗುಡಿಸಿ, ಚಹಾ ತಂದು ಮೇಲೆ ತಟ್ಟೆ ಮುಚ್ಚಿಟ್ಟಳು.

"ಕಂಪ್ಯೂಟರ್ ಕೆಟ್ಟೋಯ್ತಾ ಅಮ್ಮಾ?"

"ಅದು ಚೆನ್ನಾಗೇ ಇದೆ."

ಹಿಂದಿನ ಬೆಂಚಿನ ತರಲೆಯೊಬ್ಬ 'ಕಂಪ್ಯೂಟರ್ ಅಣ್ಣನಿಗೆ ನಮಸ್ಕಾರ' ಎಂದೇ ಪ್ರಬಂಧ ಶುರುಮಾಡಿದ್ದ. 'ಆತ್ಮೀಯವಾದ ಆರಂಭ' ಎಂದಿತ್ತು ಚೀಟಿ. ಅದರ ಕೆಳಗೂ ಅವರದೇ ಸಹಿ. ಶಿಕ್ಷಕಿಗೆ ನಗು ಬಂತು, ಪೂರ್ತಿ ಬರಲಿಲ್ಲ. ಎಲ್ಲ ಓದಿ ಅಂಚಿನಲ್ಲಿ ಬರೆದು ಮುಗಿಸುವಷ್ಟರಲ್ಲಿ ಪೆನ್ಸಿಲನ್ನು ಎರಡು ಸಲ ಚೂಪು ಮಾಡಬೇಕಾಯಿತು.

ಮರುದಿನ ಹಂಚಿದ ಪ್ರಬಂಧದ ಪುಸ್ತಕವನ್ನು ಹುಡುಗಿ ಬಿಚ್ಚಿದಳು. ಚೀಟಿಯ ಕೆಳಗಿನ ಸಹಿಗೆ ಅಡ್ಡಗೆರೆ ಎಳೆದಿತ್ತು. ಮೂರನೇ ಪ್ಯಾರಾದ ಪಕ್ಕದಲ್ಲಿ ಒಂದು ಚುಕ್ಕೆ, ಸಣ್ಣ ಅಕ್ಷರದಲ್ಲಿ ಎರಡು ಸಾಲು: 'ಈಗ ಓದಿದೆ. ಆಗ ಸುಳ್ಳು ಹೇಳಿದ್ದೆ.'

ಅವಳು ತಲೆ ಎತ್ತಿ ನೋಡಲಿಲ್ಲ. ಹೆಬ್ಬೆರಳಿಗೆ ಎಂಜಲು ಹಚ್ಚಿ ಚುಕ್ಕೆಯನ್ನು ಒಮ್ಮೆ ಉಜ್ಜಿದಳು. ಬೆರಳಿಗೆ ಬೂದು ಬಣ್ಣ ಹತ್ತಿತು; ಅಚ್ಚಿನದಲ್ಲ, ಪೆನ್ಸಿಲಿನದು. ಅದನ್ನು ಲಂಗಕ್ಕೆ ಒರೆಸಿಕೊಳ್ಳದೆ ನೋಡುತ್ತ ಕುಳಿತಳು. ಇನ್ನೊಂದು ಕೈ ಚೀಲದೊಳಗೆ, ಅಮ್ಮನ ಬಗ್ಗೆ ಬರೆದ ಪುಸ್ತಕದ ಮೇಲಿತ್ತು.